ಕರೆಯದೆ ಬಂದವರು

ಪುಣೆ
14 ಜೂನ್ 2024

ಪ್ರೀತಿಯ ನಾಗಲಕ್ಷ್ಮಕ್ಕ,

ಕೊಟ್ಟ ಮಾತಿನಂತೆ ಕಾಗದವನ್ನೇ ಬರೆಯುತ್ತಿದ್ದೇನೆ. "ನಮ್ ಪೋಸ್ಟಿನ ಚೀಲದಾಗೆ ಬ್ಯಾಂಕ್ ನೋಟೀಸ್ ಬುಟ್ರೆ ಏನೂ ಬರಕ್ಕಿಲ್ಲ, ನೀನಾರ ಬರಿ, ಫೋನ್ ಮಾಡುದ್ರೆ ಎತ್ತಕ್ಕಿಲ್ಲ" ಎಂದು ಬಸ್ ಹತ್ತುವಾಗ ಹೆದರಿಸಿದ್ದಿರಲ್ಲ. ಪೋಸ್ಟ್ ಮಾಸ್ಟರಮ್ಮನ ಮಾತು ಮೀರುವುದುಂಟೆ?

ಹಾಸ್ಟೆಲಿನಲ್ಲಿ ಮೊದಲಿನ ರೂಮೇ ಸಿಕ್ಕಿದೆ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಕೂಟಗಲ್ ಬಸ್ಸು ತಪ್ಪಿಹೋಯಿತೇನೋ ಎಂದು ಗಾಬರಿಯಾಗುತ್ತದೆ. ರಾಮನಗರದಲ್ಲಿ ಅಬ್ಬಾನ ಮನೆಯಿಂದ ದಿನಾ ನಿಮ್ಮೂರಿಗೆ ಬಂದು ಸಂಜೆ ಬಸ್ಸಿಗೆ ಹಿಂದಿರುಗಿದ ಆ ತಿಂಗಳುಗಳು ಮೈಗೆ ಅಂಟಿಬಿಟ್ಟಿವೆ. ರೇಷ್ಮೆ ಗೂಡು ಕೊಂಡು ನೂಲು ತೆಗೆಯೋ ರೀಲರ್ ಹಬೀಬ್ ಮಗಳು ಗೂಡಿನ ರೇಟು ಮುರಿಯೋಕೆ ಬಂದಿದ್ದಾಳೆ ಎಂದು ಬಾಗಿಲು ಹಾಕಿಕೊಂಡ ಮನೆಗಳೆಲ್ಲ, ನೀವು ಜೊತೆಗೆ ಬಂದ ಮೇಲೆ ತೆರೆದವು. ಅದಕ್ಕೆ ಎಷ್ಟು ಹೇಳಿದರೂ ಸಾಲದು.

ನನ್ನ ಪಿಎಚ್.ಡಿ. ವಿಷಯ ಹೇಳಿದಾಗಲೆಲ್ಲ ನೀವು ನಗುತ್ತಿದ್ದಿರಿ. ಇನ್ನೊಮ್ಮೆ ಹೇಳಿಬಿಡುತ್ತೇನೆ. ಓದು, ಆರೋಗ್ಯ, ಕೈಯಲ್ಲಿರುವ ಕಸುಬು, ಇವು ಮಾನವ ಬಂಡವಾಳ. ಜನರ ನಡುವಿನ ನಂಬಿಕೆ, ಕಷ್ಟಕ್ಕೆ ಆಗುವ ನೆರೆಹೊರೆ, ಅದು ಸಾಮಾಜಿಕ ಬಂಡವಾಳ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಒಂದೊಂದು ರೇಷ್ಮೆ ಹಳ್ಳಿ ಆರಿಸಿಕೊಂಡು ಎರಡನ್ನೂ ಅಳೆದು ಹೋಲಿಸುವುದು ನನ್ನ ಕೆಲಸ.

ಫಲಿತಾಂಶ ಈಗ ಕೈಗೆ ಬರುತ್ತಿದೆ. ಓದಿನಲ್ಲಿ ನಿಮ್ಮ ಸಂಪಿಗೆದೊಡ್ಡಿ ನಾಲ್ಕರಲ್ಲಿ ಮೊದಲು. ಇನ್ನೊಂದರಲ್ಲಿ ಮಾತ್ರ ತೀರಾ ಕೊನೆ. "ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ನೆರವಿಗೆ ಯಾರನ್ನು ಕರೆಯುತ್ತೀರಿ?" ಎಂಬ ಪ್ರಶ್ನೆಗೆ ಮಾಗಡಿಯ ಕುದೂರು ಕಡೆ ಹೆಸರುಗಳ ಸಾಲೇ ಬಂತು. ಕನಕಪುರದ ಕೋಡಿಹಳ್ಳಿ ಕಡೆಯೂ ಹಾಗೇ. ನಿಮ್ಮೂರಲ್ಲಿ ನೀವೂ ಸೇರಿ ಎಲ್ಲರೂ "ಯಾರನ್ನೂ ಕರೆಯಲ್ಲ" ಅಂದಿರಿ. ಓದು ಹೆಚ್ಚಿದಂತೆ ಜನ ಒಂಟಿಯಾಗುತ್ತಾರೆಯೇ ಎಂಬುದೇ ಈಗ ನನ್ನ ಮುಖ್ಯ ಅಧ್ಯಾಯ. ನನ್ನ ಗೈಡಿಗೂ ಇದು ತುಂಬ ಹಿಡಿಸಿದೆ.

ನಿಮ್ಮ
ನೂರೀನ್


ಸಂಪಿಗೆದೊಡ್ಡಿ, ಕೂಟಗಲ್ ಹೋಬಳಿ
25 ಜೂನ್ 2024

ನೂರೀನ್,

ನಿನ್ನ ಕಾಗದಕ್ಕೆ ನಾನೇ ಸೀಲು ಹೊಡೆದು, ನಾನೇ ನನಗೆ ಬಟವಾಡೆ ಮಾಡಿಕೊಂಡೆ. ಜಗುಲಿಯ ಮೇಲಿನ ಪೋಸ್ಟಾಫೀಸಿಗೆ ಒಂದು ಕಳೆ ಬಂತು. ಇದ್ದವರೆಲ್ಲ ಏನು ಬರೆದವಳೆ, ಓದು ಓದು ಅಂದರು. ಕಾಗದ ಬಂದರೆ ನಾನು ಜೋರಾಗಿ ಓದಬೇಕು, ಅದು ನಮ್ಮ ಅತ್ತೆಯ ಕಾಲದಿಂದ ಬಂದ ರೂಢಿ. ಆದರೆ ನೀನು ಬರೆದ ಬಂಡವಾಳದ ಸಮಾಚಾರವನ್ನು ಅವರ ತಲೆಗೆ ಹತ್ತಿಸುವುದು ನನ್ನಿಂದಾಗದು ಅಂತ, ಕ್ಷೇಮವಂತೆ, ಊಟ ಸೇರುತ್ತಿಲ್ಲವಂತೆ, ಅಂತ ಎರಡು ಮಾತು ನಾನೇ ಹೊಸೆದು ಹೇಳಿದೆ. ಊಟ ಸೇರುತ್ತಿದೆ ತಾನೆ?

ನಮ್ಮೂರು ಕೊನೆ ಬಂತು ಅಂತ ನೀನು ಬೇಜಾರು ಮಾಡಿಕೊಂಡ ಹಾಗಿದೆ. ನನಗೇನೋ ಅದು ಫಸ್ಟ್ ಕ್ಲಾಸು ಅಂತಲೇ ಕಂಡಿತು. ಇನ್ನೊಬ್ಬರ ಮನೆ ಬಾಗಿಲಲ್ಲಿ ನಿಂತು ಕರೆಯುವ ಜನ ನಾವಲ್ಲ. ಕುದೂರಿನವರು ಕರೆಯುತ್ತಾರಂತೆ, ಕರೆಯಲಿ ಬಿಡು. ನಮ್ಮದನ್ನು ದಪ್ಪ ಅಕ್ಷರದಲ್ಲಿ ಬರಿ.

ಎದುರು ಮನೆ ದೊಡ್ಡಲಕ್ಷ್ಮಕ್ಕ ನಿನ್ನನ್ನು ಕೇಳುತ್ತಲೇ ಇರುತ್ತಾಳೆ. ಹಲಸಿನ ತೊಳೆ ತಿನ್ನಿಸಿ ನಿನ್ನ ಹೊಟ್ಟೆ ಕೆಡಿಸಿದ್ದು ಅವಳಿಗೆ ಇನ್ನೂ ನಗು. ನಾನು ಈ ಬೀದಿಗೆ ಮದುವೆಯಾಗಿ ಬಂದ ದಿನದಿಂದ ಅವಳ ಬೈಗುಳ ಕೇಳದೆ ನನಗೆ ಬೆಳಗಾಗಿಲ್ಲ. ಅವಳ ಮಗನ ಮದುವೆ ಮುಗಿಯಿತು. ಸೊಸೆ ಸಿರಿ ಅಂತ, ಚನ್ನಪಟ್ಟಣದ ಹುಡುಗಿ, ಬಲು ಚುರುಕು.

ಚೆನ್ನಾಗಿ ತಿನ್ನು.

ನಾಗಲಕ್ಷ್ಮಮ್ಮ


ಪುಣೆ
19 ಆಗಸ್ಟ್ 2024

ಅಕ್ಕಾ,

ಒಂದು ಸಂತೋಷದ ಸುದ್ದಿ. ನನ್ನ ಅಧ್ಯಾಯವನ್ನು ಚಿಕ್ಕದು ಮಾಡಿ ಕನ್ನಡದಲ್ಲಿ ಬರೆದಿದ್ದೆ. ಅದು ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಗಿದೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ನಾಲ್ಕು ಜನ ಓದುತ್ತಾರೆ, ಇದನ್ನು ನಾನು ಯಾರ ಬಗ್ಗೆ ಬರೆದೆನೋ ಅವರೇ ಓದಬಹುದಲ್ಲ ಎಂದು ಆಸೆ.

ನಿಮ್ಮ ಹೆಸರು, ಊರಿನ ಹೆಸರು ಹಾಕಿಲ್ಲ. ಸಂಶೋಧನೆಯ ನಿಯಮ ಹಾಗೆ. ಆದರೆ ಎರಡನೇ ಪುಟದಲ್ಲಿ ನೀವು ಇದ್ದೀರಿ, ಹುಡುಕಿಕೊಳ್ಳಿ. ಪ್ರತಿಯನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ಎಲ್ಲರಿಗೂ ಓದಿ ಹೇಳಿ.

ನೂರೀನ್


ಸಂಪಿಗೆದೊಡ್ಡಿ
30 ಆಗಸ್ಟ್ 2024

ನೂರೀನ್,

ಪುಸ್ತಕ ಬಂತು. ಜಗುಲಿಯಲ್ಲಿ ಎಲ್ಲರ ಎದುರಿಗೆ ಓದಿದೆ. ನಿನ್ನ ಕನ್ನಡ ಚೆನ್ನಾಗಿದೆ. ಓದಿ ಮುಗಿಸುವ ಹೊತ್ತಿಗೆ ಡೇರಿಗೆ ಹಾಲು ಹಾಕುವ ಸಮಯವಾಗಿತ್ತು, ಜನ ಎದ್ದು ಹೋದರು.

ನಮ್ಮ ಮನೆಯವರಿಗೆ ಮತ್ತೆ ಸೊಂಟ ಹಿಡಿದಿದೆ. ದೊಡ್ಡಲಕ್ಷ್ಮಕ್ಕ ಚೆನ್ನಾಗಿದ್ದಾಳೆ ಅಂದುಕೊಂಡಿದ್ದೇನೆ.

ನಾಗಲಕ್ಷ್ಮಮ್ಮ


ಪುಣೆ
10 ಸೆಪ್ಟೆಂಬರ್ 2024

ಅಕ್ಕಾ,

ನಿಮ್ಮ ಕಾಗದ ಇಷ್ಟು ಚಿಕ್ಕದಾಗಿರುವುದು ಇದೇ ಮೊದಲು. ಹುಳು ಮನೆಯ ಕೆಲಸ ಜೋರಿರಬೇಕು ಅಂದುಕೊಂಡೆ. ಎಲ್ಲರ ಎದುರಿಗೆ ಓದಿದಿರಿ ಎಂದು ತಿಳಿದು ನನಗಾದ ಖುಷಿ ಹೇಳತೀರದು. ಇಲ್ಲಿ ಗೆಳತಿಯರಿಗೆಲ್ಲ ಹೇಳಿಕೊಂಡು ಬಂದೆ.

ಈಗ ಇನ್ನೊಂದು ಉಪಕಾರ ಬೇಕು. ವಿದ್ಯಾರ್ಥಿವೇತನ ಮುಂದಿನ ಜೂನ್‌ವರೆಗೆ ಮಾತ್ರ. ಅಷ್ಟರೊಳಗೆ ಪ್ರಬಂಧ ಒಪ್ಪಿಸಿದರೆ ಇಲ್ಲಿನ ಒಂದು ಕಾಲೇಜಿನಲ್ಲಿ ಕೆಲಸ ಖಾತ್ರಿ. ನವೆಂಬರಿನಲ್ಲಿ ಎರಡನೇ ಸುತ್ತು ಪ್ರಶ್ನೆ ಕೇಳಲು ಬರಬೇಕು. ಮೊದಲಿನ ಹಾಗೆ ನೀವು ಮನೆ ಮನೆಗೆ ಒಂದು ಮಾತು ಹೇಳಿಟ್ಟರೆ ಸಾಕು. ನೀವು ಹೇಳಿದರೆ ಊರಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ, ಅದು ನನಗೆ ಗೊತ್ತು.

ನೂರೀನ್


ಪುಣೆ
21 ಅಕ್ಟೋಬರ್ 2024

ಅಕ್ಕಾ,

ನನ್ನ ಕಾಗದ ಸಿಗಲಿಲ್ಲವೇ? ಸಿಗದಿರಲು ಸಾಧ್ಯವಿಲ್ಲ, ಬಟವಾಡೆ ಮಾಡುವವರು ನೀವೇ. ಫೋನು ಮಾಡಿದೆ, ಮಾತಿನಂತೆ ಎತ್ತಲಿಲ್ಲ. ಅಣ್ಣನಿಗೆ ಸೊಂಟದ ನೋವು ಹೆಚ್ಚಾಯಿತೇ? ಕೂಟಗಲ್ಲಿನಲ್ಲಿ ತೋರಿಸಿ ಕೂತಿರಬೇಡಿ, ರಾಮನಗರಕ್ಕೆ ಕರೆದುಕೊಂಡು ಹೋಗಿ. ಅಬ್ಬಾಗೆ ಹೇಳಿದ್ದೇನೆ, ಡಾಕ್ಟರ ಹತ್ತಿರ ಜೊತೆಗೆ ಬರುತ್ತಾರೆ.

ಅಥವಾ ನನ್ನ ಮೇಲೆ ಏನಾದರೂ ಬೇಸರವೇ? ಎರಡು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ನೂರೀನ್


ಸಂಪಿಗೆದೊಡ್ಡಿ
4 ನವೆಂಬರ್ 2024

ನೂರೀನ್,

ಬೈಯುವುದಕ್ಕೆ ನಿನ್ನ ತಪ್ಪು ಎಷ್ಟು, ನನ್ನದು ಎಷ್ಟು ಅಂತ ಗೊತ್ತಾಗದೆ ಸುಮ್ಮನಿದ್ದೆ. ನಿನ್ನ ಓದಿಗೆ ಕಲ್ಲು ಹಾಕಬಾರದು ಅಂತಲೂ ಇತ್ತು. ಆದರೆ ಮನೆ ಮನೆಗೆ ಹೇಳಿಡು ಅಂತ ಕೇಳಿದ್ದೀಯ. ಹೇಳಲು ನನಗೆ ಈಗ ಬಾಯಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಅಳು ಬರುತ್ತದೆ.

ಅವತ್ತು ನಿನ್ನ ಲೇಖನ ಓದಲು ಇಡೀ ಬೀದಿಯನ್ನು ಕೂರಿಸಿದ್ದೆ. ದೊಡ್ಡಲಕ್ಷ್ಮಕ್ಕ ಎದುರಿಗೇ ಕೂತಿದ್ದಳು. ಎರಡನೇ ಪುಟಕ್ಕೆ ಬಂದೆ. "ಅಂಚೆ ಕೆಲಸದಲ್ಲಿರುವ ಮಹಿಳೆಯೊಬ್ಬರು ತಾವು ಯಾರನ್ನೂ ಕರೆಯುವುದಿಲ್ಲ ಎಂದರು. ಈ ಊರಿನಲ್ಲಿ ಕಷ್ಟಕ್ಕೆ ಯಾರಿಗೂ ಯಾರೂ ಇಲ್ಲ." ಓದುವ ಭರದಲ್ಲಿದ್ದೆ, ನಾಲಿಗೆ ನಿಲ್ಲಲಿಲ್ಲ. ನನಗಾಗಿ ದುಡಿದವರ ಮುಖ ನೋಡಿಕೊಂಡು, ನನಗೆ ಯಾರೂ ಇಲ್ಲ ಅಂತ ನಾನೇ ಓದಿದೆ. ಹಾಲಿನ ಹೊತ್ತಾಗಿ ಜನ ಎದ್ದು ಹೋದರು ಅಂತ ನಿನಗೆ ಬರೆದೆನಲ್ಲ, ಅವರು ಎದ್ದು ಹೋದದ್ದು ಅದಕ್ಕೆ.

ನೀನು ನೋಡದೆ ಹೋದದ್ದನ್ನು ಈಗ ಹೇಳುತ್ತೇನೆ. ಹುಳು ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದು, ಸೊಪ್ಪು ತಿಂದು, ಹಣ್ಣಾಗುವ ದಿನ ಹತ್ತಿರ ಬಂತು ಅಂದರೆ ನಾವು ಚಂದ್ರಿಕೆ ತೊಳೆದು ಮನೆ ಮುಂದಿನ ಗೋಡೆಗೆ ಒರಗಿಸುತ್ತೇವೆ. ಹುಳು ಗೂಡು ಕಟ್ಟುವ ಆ ಬಿದಿರಿನ ತಟ್ಟಿ ಹೊರಗೆ ಬಂದದ್ದನ್ನು ನೋಡಿದವರು ಮಾರನೆಯ ಬೆಳಿಗ್ಗೆ ತಮ್ಮ ಕೆಲಸ ಬಿಟ್ಟು ಬರುತ್ತಾರೆ. ಹಣ್ಣಾದ ಹುಳು ಕಾಯುವುದಿಲ್ಲ, ಅವತ್ತಿಗೆ ಅವತ್ತೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಅವರ ಮನೆಯಲ್ಲಿ ಹಣ್ಣಾದಾಗ ನಾವು ಹೋಗುತ್ತೇವೆ. ಮುಯ್ಯಾಳು ಅಂದರೆ ಅದು. ಕರೆಯುವುದು ಕೂಲಿಯವರನ್ನು. ಬೀದಿಯವರನ್ನು ಹೋಗಿ ಕರೆದರೆ, ನೀನಾಗಿ ಬರುವವಳಲ್ಲ ಅಂತ ಮುಖಕ್ಕೆ ಹೇಳಿದ ಹಾಗೆ. ನೀನು "ಯಾರನ್ನು ಕರೆಯುತ್ತೀರಿ" ಅಂದೆ, ನಾವು ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅದಕ್ಕೆ ನೀನು ಇಂಥ ಅರ್ಥ ಕಟ್ಟುತ್ತೀಯ ಅಂತ ನನಗೆ ಹೊಳೆಯಲೇ ಇಲ್ಲ. ಜೂನಿನಲ್ಲಿ ನೀನು ಕಾಗದದಲ್ಲೇ ಬರೆದಿದ್ದೆ. ಓದಿ ಹೆಮ್ಮೆ ಪಟ್ಟೆ, ದಪ್ಪ ಅಕ್ಷರದಲ್ಲಿ ಬರಿ ಅಂತ ಬೇರೆ ಹೇಳಿದೆ.

ಮಾರನೆಯ ದಿನ ನಲ್ಲಿ ಹತ್ತಿರ ದೊಡ್ಡಲಕ್ಷ್ಮಕ್ಕನಿಗೆ ಹೇಳಲು ಹೋದೆ. ನಾನು ಕರೆಯಲ್ಲ ಅಂದಿದ್ದು ನಿಜ, ಯಾವತ್ತಾದರೂ ಕರೆದಿದ್ದೀನಾ, ಆಮೇಲಿನದು ಆ ಹುಡುಗಿ ಸೇರಿಸಿದ್ದು ಅಂದೆ. ಅವಳು ಬಿಂದಿಗೆ ಸೊಂಟಕ್ಕೆ ಇಟ್ಟುಕೊಂಡು, "ನಿಜ ಕಣವ್ವ, ನೀನು ಕರೆದಿಲ್ಲ. ನಾವೇ ಬಂದ್ವಿ. ತಪ್ಪು ನಮ್ದೇಯ" ಅಂದಳು. ಬೈದಿದ್ದರೆ ಜೀವಕ್ಕೆ ಹಿತವಾಗಿರುತ್ತಿತ್ತು.

ಅಕ್ಟೋಬರಿನ ಬೆಳೆ ಹಣ್ಣಾಯಿತು. ಚಂದ್ರಿಕೆ ಒರಗಿಸಿದೆ. ಬೆಳಿಗ್ಗೆ ಜಗುಲಿಯಲ್ಲಿ ಬೀದಿ ನೋಡಿಕೊಂಡು ಕೂತೆ. ಯಾರೂ ಬರಲಿಲ್ಲ. ನಮ್ಮ ಮನೆಯವರು ಸೊಂಟ ಹಿಡಿದುಕೊಂಡೇ ಹೋಗಿ ಬೇರೆ ಊರಿನಿಂದ ಕೂಲಿಯವರನ್ನು ಟೆಂಪೋದಲ್ಲಿ ತರುವ ಹೊತ್ತಿಗೆ ಮಧ್ಯಾಹ್ನ. ಅರ್ಧ ಹುಳು ಸೊಪ್ಪಿನ ಕಡ್ಡಿಯಲ್ಲೇ ನೂಲು ಬಿಟ್ಟಿತ್ತು. ಮಾರ್ಕೆಟ್ಟಿನಲ್ಲಿ ನಿಮ್ಮ ಅಬ್ಬಾನಂಥ ರೀಲರುಗಳು ನಮ್ಮ ಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ ನೋಡಿ ಮುಂದಕ್ಕೆ ಹೋದರು. ದುಡ್ಡು ಹೋದದ್ದಕ್ಕೆ ನಾನು ಅಳಲಿಲ್ಲ. ಬೀದಿ ನೋಡಿಕೊಂಡು ಕೂತಿದ್ದೆನಲ್ಲ, ಅದಕ್ಕೆ ಅತ್ತೆ.

ಈಗ ಎರಡನೇ ಸುತ್ತಿಗೆ ಬರಬೇಡ.

ನಾಗಲಕ್ಷ್ಮಮ್ಮ


ಪುಣೆ
11 ನವೆಂಬರ್ 2024

ಅಕ್ಕಾ,

ಏಪ್ರಿಲಿನಲ್ಲಿ ಒಂದು ದಿನ ನಿಮ್ಮ ಶೆಡ್ಡಿನ ತುಂಬ ಹೆಂಗಸರು ಕೂತಿದ್ದನ್ನು ನಾನು ನೋಡಿದ್ದೆ. ನಗುತ್ತಾ ಕೆಲಸ ಮಾಡುತ್ತಿದ್ದರು. ಕೂಲಿಯವರು ಅಂದುಕೊಂಡೆ. ನೂಲು ತೆಗೆಯುವ ನಮ್ಮ ಫಿಲೇಚರಿನಲ್ಲಿ ಕೂತು ಕೆಲಸ ಮಾಡುವ ಹೆಂಗಸರೆಲ್ಲ ಕೂಲಿಯವರೇ, ನನ್ನ ಕಣ್ಣಿಗೆ ಬೇರೆ ಏನೂ ಕಾಣಲಿಲ್ಲ. ಇವರಿಗೆ ತೊಂದರೆ ಕೊಡಬಾರದು ಎಂದು ಪ್ರಶ್ನೆ ಕೇಳದೆ ಸಂಜೆ ಬಸ್ಸು ಹಿಡಿದೆ. ದೊಡ್ಡಲಕ್ಷ್ಮಕ್ಕ ಅವತ್ತು ಅಲ್ಲೇ ಇದ್ದರು.

ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದ್ದೇನೆ. ಅಧ್ಯಾಯವನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಗೈಡಿಗೆ ಹೇಳಿದೆ. ಇಷ್ಟು ಚೆನ್ನಾಗಿ ಕೂತ ಫಲಿತಾಂಶವನ್ನು ಯಾರಿಗೋ ಬೇಜಾರಾಯಿತು ಅಂತ ಬಿಡುತ್ತೀಯಾ ಅಂದರು. ಬೇಜಾರಾಯಿತು ಅಂತ ಅಲ್ಲ ಸರ್, ತಪ್ಪು ಅಂತ, ಅಂದೆ. ಎರಡು ದಿನದಿಂದ ಮಾತಾಡಿಸುತ್ತಿಲ್ಲ.

ನಾನು ಬರುತ್ತೇನೆ. ನಿಮ್ಮ ಜಗುಲಿಯಲ್ಲೇ ಎಲ್ಲರನ್ನೂ ಕೂರಿಸಿ, ತಪ್ಪು ನನ್ನದು, ಅಕ್ಕ ಹಾಗೆ ಹೇಳಿಯೇ ಇಲ್ಲ ಎಂದು ಕೈಮುಗಿದು ಹೇಳುತ್ತೇನೆ. ದಯವಿಟ್ಟು ಒಂದು ದಿನ ಗೊತ್ತು ಮಾಡಿ.

ನೂರೀನ್


ಸಂಪಿಗೆದೊಡ್ಡಿ
2 ಡಿಸೆಂಬರ್ 2024

ನೂರೀನ್,

ಬರಬೇಡ ಅಂತ ಬರೆಯಲು ಕೂತಾಗಲೇ ಹುಳು ಹಣ್ಣಾಗಲು ಶುರುವಾಯಿತು. ಅದಕ್ಕೇ ತಡ. ನಿನ್ನ ಸಮಜಾಯಿಷಿಯಿಂದ ಏನೂ ಆಗುವುದಿಲ್ಲ ಕಣಮ್ಮ. ಇಷ್ಟು ವರ್ಷ ಯಾರೂ ಬಾಯಿಬಿಟ್ಟು ಆಡದೆ ನಡೆದುಕೊಂಡು ಬಂದದ್ದನ್ನು ನೀನು ಬಂದು ಮೀಟಿಂಗು ಮಾಡಿ ಹೇಳಿದರೆ, ಅವರು ಇನ್ನೂ ನಾಚಿಕೊಂಡು ಒಳಗೆ ಹೋಗುತ್ತಾರೆ.

ಈ ಸಲ ನಾನು ಒಂದು ಕೆಲಸ ಮಾಡಿದೆ. ಸರಿಯೋ ತಪ್ಪೋ ನೀನೇ ಹೇಳು. ಹಿಂದಿನ ದಿನವೇ ಚಂದ್ರಿಕೆ ಒರಗಿಸಿದ್ದೆ. ಬೆಳಿಗ್ಗೆ ಶೆಡ್ಡಿಗೆ ಹೋದರೆ ಹುಳುಗಳು ಸೊಪ್ಪು ಮುಟ್ಟದೆ ತಲೆ ಎತ್ತಿ ಆಡಿಸುತ್ತಿವೆ. ಬೀದಿ ಖಾಲಿ. ಹೋದ ಸಲದ ಹಾಗೆ ಕೂತು ನೋಡುವ ಧೈರ್ಯ ನನಗಿರಲಿಲ್ಲ. ಸೆರಗು ಹೊದ್ದುಕೊಂಡು ಬೀದಿ ದಾಟಿ ದೊಡ್ಡಲಕ್ಷ್ಮಕ್ಕನ ಬಾಗಿಲಲ್ಲಿ ನಿಂತೆ. ಮದುವೆಯಾಗಿ ಬಂದ ಮೇಲೆ ಆ ಬಾಗಿಲಲ್ಲಿ ನಾನು ನಿಂತದ್ದೇ ಇಲ್ಲ, ಯಾವಾಗಲೂ ಸೀದಾ ಅಡುಗೆ ಮನೆಗೇ ಹೋದವಳು.

"ದೊಡ್ಡಲಕ್ಷ್ಮಕ್ಕ, ಹುಳ ಹಣ್ಣಾಗವೆ. ಒಸಿ ಬಾರವ್ವ" ಅಂದೆ.

ಅವಳು ಮುದ್ದೆ ಕೋಲು ಕೆಳಗಿಟ್ಟು, ಕೈ ಒರೆಸಿಕೊಂಡು ಬಂದಳು. ಅವಳು ಹೊರಟದ್ದನ್ನು ನೋಡಿ ಉಳಿದವರೂ ಬಂದರು. ಇಡೀ ದಿನ ಕೆಲಸ ನಡೆಯಿತು, ಒಂದು ಹುಳು ಹಾಳಾಗಲಿಲ್ಲ. ಆದರೆ ನಗು ಇಲ್ಲ, ಬೈಗುಳ ಇಲ್ಲ, ಯಾರ ಮನೆಯ ಸುದ್ದಿಯೂ ಇಲ್ಲ. ಮಧ್ಯಾಹ್ನ ನಾನು ಮಾಡಿದ ಸಾರು ಹಾಗೇ ಇತ್ತು, ಎಲ್ಲ ಅವರವರ ಮನೆಗೆ ಹೋಗಿ ಉಂಡು ಬಂದರು. ಕೂಲಿಯವರು ಕೂಡ ನಮ್ಮ ಮನೆಯಲ್ಲೇ ಉಣ್ಣುತ್ತಾರೆ.

ಸಂಜೆ ಹೊರಡುವಾಗ ದೊಡ್ಡಲಕ್ಷ್ಮಕ್ಕ ಮೆಟ್ಟಿಲ ಹತ್ತಿರ ನಿಂತಳು. "ಆ ಬುಕ್ಕಿನಾಗೆ ಬಂದಿದ್ನ ಮರ್ತ್ಬುಡ್ತಿದ್ದೆ ಕಣೆ ನಾಗಿ. ಬೆಳಿಗ್ಗೆ ಚಂದ್ರಿಕೆ ನೋಡ್ದೆ. ಮುದ್ದೆ ಇಳಿಸ್ಬುಟ್ಟು ಬರವ ಅಂತಿದ್ದೆ. ಒಂದ್ ಗಳಿಗೆ ತಡೀಬಾರ್ದಾಗಿತ್ತ ನೀನು? ಕರೆಯಾಕ್ ಬಂದ್ಬುಟ್ಯಲ್ಲ, ಇದ್ನ ಹೆಂಗ್ ಮರೀಲಿ" ಅಂದಳು.

ನೂರೀನ್, ನನಗೆ ಈ ಬೀದಿಯಲ್ಲಿ ಇದ್ದದ್ದು ಅವಳೊಬ್ಬಳು. ಅವಳು ಬರುತ್ತಾಳೆ ಅಂತ ನಂಬದೆ ಹೋದೆ.

ನಾಗಲಕ್ಷ್ಮಮ್ಮ


ಪುಣೆ
12 ಡಿಸೆಂಬರ್ 2024

ಅಕ್ಕಾ,

ಸರಿಯೋ ತಪ್ಪೋ ಹೇಳು ಅಂದಿದ್ದೀರಿ. ನನಗೆ ಗೊತ್ತಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಹೋಗಿ ಕರೆಯುತ್ತಿದ್ದೆ. ಅಂಥ ಹೆದರಿಕೆ ನಿಮಗೆ ಹುಟ್ಟುವ ಹಾಗೆ ಮಾಡಿದವಳು ನಾನು. ನಿಮ್ಮ ಕಾಗದ ಓದಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅತ್ತೆ.

ಗೈಡು ಕೊನೆಗೆ ಒಪ್ಪಿದರು. ಅಧ್ಯಾಯವನ್ನು ಹೊಸದಾಗಿ ಬರೆಯಲು ಬಿಟ್ಟಿದ್ದಾರೆ, ಜೂನಿನ ಗಡುವು ಮಾತ್ರ ಹಾಗೇ ಇದೆ. ಆದರೆ ಏನು ಕೇಳಬೇಕು, ಹೇಗೆ ಅಳೆಯಬೇಕು ಎಂಬುದು ನನಗೆ ತಿಳಿಯದಾಗಿದೆ. ಪ್ರಶ್ನೆ ಯಾವುದೂ ಇಲ್ಲದೆ, ಒಂದು ಬೆಳೆಯ ಕಾಲ ನಿಮ್ಮೂರಲ್ಲಿದ್ದು ಕೈಲಾದ ಕೆಲಸ ಮಾಡಬೇಕು ಅನ್ನಿಸುತ್ತದೆ. ಆ ಕೆಲಸಕ್ಕೂ ನಿಮ್ಮೂರಿಗೂ ನಾನು ಯೋಗ್ಯಳೋ ಅಲ್ಲವೋ. ನೀವು ಬಾ ಅಂದರೆ ಮಾತ್ರ ಬರುತ್ತೇನೆ. ಬೇಡ ಅಂದರೆ ನಿಮ್ಮೂರನ್ನು ಪ್ರಬಂಧದಿಂದಲೇ ತೆಗೆದುಬಿಡುತ್ತೇನೆ.

ನೂರೀನ್


ಸಂಪಿಗೆದೊಡ್ಡಿ
27 ಜನವರಿ 2025

ನೂರೀನ್,

ಉತ್ತರ ತಡವಾಯಿತು.

ಸಂಕ್ರಾಂತಿ ಮುಗಿದ ಮೇಲೆ ದೊಡ್ಡಲಕ್ಷ್ಮಕ್ಕನ ಬೆಳೆ ಹಣ್ಣಿಗೆ ಬಂತು. ಸೊಪ್ಪಿನ ಹೊರೆ ಹೋಗುವುದು ನಿಂತದ್ದನ್ನು ನೋಡಿಯೇ ನನಗೆ ತಿಳಿಯಿತು. ಆದರೆ ಅವಳ ಮನೆ ಮುಂದಿನ ಗೋಡೆಗೆ ಚಂದ್ರಿಕೆ ಬರಲಿಲ್ಲ. ಹಿತ್ತಲಲ್ಲೇ ತೊಳೆದು ಒಣಗಿಸುತ್ತಿದ್ದಾರೆ ಅಂತ ನಮ್ಮ ಮನೆಯವರು ಹೇಳಿದರು. ಇನ್ನು ಈ ಬೀದಿಯಲ್ಲಿ ಕರೆಯುವುದೇ ರೂಢಿಯಾಗುತ್ತದೆ, ಅದನ್ನು ಶುರು ಮಾಡಿದವಳು ನಾನು, ಅಂತ ಆ ದಿನವೆಲ್ಲ ಮುದ್ದೆ ಮುಟ್ಟಲಿಲ್ಲ. ಕರೆಯುವವರೆಗೆ ಕಾಯಬೇಕೋ, ಹೋಗಬೇಕೋ? ಕರೆಯದೆ ಹೋದರೆ, ನಿನ್ನನ್ನು ಯಾರು ಬಾ ಅಂದರು ಅಂತ ಅವಳು ಕೇಳಿದರೆ ಆ ಮುಖ ಎತ್ತಿಕೊಂಡು ಈ ಬೀದಿಯಲ್ಲಿ ಹೇಗೆ ಬದುಕಲಿ?

ಬೆಳಿಗ್ಗೆ ಚೀಲ ಬರುವ ಹೊತ್ತು. ಚೀಲ ತರುವವನಿಗೆ ಜಗುಲಿಯ ಮೇಲೆ ಇಟ್ಟು ಹೋಗು ಅಂತ ಹೇಳಿ ಮೆಟ್ಟಿಲು ಇಳಿದೆ. ಅವಮಾನ ಆದರೆ ಆಗಲಿ ಅಂತ. ಬೀದಿಯ ಮಧ್ಯಕ್ಕೆ ಬಂದಿದ್ದೆ, ಎದುರಿಗೆ ಅವಳ ಸೊಸೆ ಸಿರಿ.

"ಅತ್ತೆ ಕರೀತಾವ್ರೆ" ಅಂದಳು.

ನನಗೆ ಎಲ್ಲಿತ್ತೋ ಬುದ್ಧಿ. "ನೀನು ಕರೆಯಾಕ್ ಬಂದಿಲ್ಲ ಕಣೆ. ನಾನೇ ಬತ್ತಿದ್ದೆ, ದಾರೀಲಿ ಸಿಕ್ದೆ. ಹೋಗಿ ಹಂಗೇ ಹೇಳು" ಅಂದೆ. ಆ ಹುಡುಗಿ ನನ್ನ ಮುಖ ನೋಡಿದಳು. ಏನು ಅರ್ಥವಾಯಿತೋ, ಹಿಂದಿರುಗಿ ಓಡಿದಳು. ನಾನು ಅಡುಗೆ ಮನೆಯನ್ನೇ ಹಾದು ಹಿಂದಿನ ಶೆಡ್ಡಿಗೆ ಹೋಗುವಾಗ ಅವಳ ಮಾತು ಕೇಳಿಸಿತು. ನಾನು ಹೋಗೋ ಅಷ್ಟ್ರಲ್ಲಿ ಅವ್ರೇ ಬಂದ್ಬುಟ್ಟಿದ್ರು ಅಂತ ಅತ್ತೆಗೆ ಹೇಳುತ್ತಿದ್ದಳು.

ದೊಡ್ಡಲಕ್ಷ್ಮಕ್ಕ ಹುಳು ಆರಿಸುತ್ತಾ ಕೂತಿದ್ದಳು, ತಿರುಗಿ ನೋಡಲಿಲ್ಲ. "ಬರ್ದೆ ಇರ್ತಾಳ? ಹುಳ ಹಣ್ಣಾದ್ರೆ ಮನೇಲಿ ಕೂತ್ಕಂತಾಳ?" ಅಂದಳು. ಆಮೇಲೆ ನನ್ನ ಕಡೆ ಒಂದು ತಟ್ಟೆ ನೂಕಿ, ಇಷ್ಟು ಹೊತ್ತಿಗೆ ಬರೋದಾ, ಪೋಸ್ಟಾಫೀಸು ಹೊತ್ಕೊಂಡು ಹೋಗ್ತಿದ್ರಾ ಯಾರಾದ್ರೂ, ಅಂತ ಬೈಯಲು ಶುರು ಮಾಡಿದಳು. ಮಧ್ಯಾಹ್ನ ಅವಳ ಮನೆಯಲ್ಲೇ ಉಂಡೆ. ಎರಡು ಮುದ್ದೆ ಉಂಡೆ ಕಣೆ.

ಉಣ್ಣುವಾಗ ನಿನ್ನ ಮಾತು ಬಂತು. ನೀನು ಬರೆದದ್ದನ್ನೆಲ್ಲ ಹೇಳಿದೆ, ಅಧ್ಯಾಯ ತೆಗೆದು ಹಾಕಿದ್ದನ್ನೂ ಹೇಳಿದೆ. ಅವಳು ಮಜ್ಜಿಗೆ ಬಡಿಸಿದಳು.

ನಮ್ಮ ಮುಂದಿನ ಬೆಳೆ ಶಿವರಾತ್ರಿ ಕಳೆದ ಮೇಲಿನ ವಾರ ಹಣ್ಣಾಗುತ್ತದೆ. ಆಗ ನಿನಗೆ ರಂಜಾನಿನ ರೋಜಾ ಇರುತ್ತದೆ, ನಮ್ಮ ಜೊತೆ ಮಧ್ಯಾಹ್ನ ಉಣ್ಣುವ ಹಾಗಿಲ್ಲ. ಸಂಜೆಗೆ ಖರ್ಜೂರ ತಂದಿಡಬೇಕು, ರಾಮನಗರಕ್ಕೆ ಹೋದಾಗ ಮರೀಬೇಡ ಅಂತ ದೊಡ್ಡಲಕ್ಷ್ಮಕ್ಕ ನಿನ್ನೆ ಸಿರಿಗೆ ಹೇಳುತ್ತಿದ್ದಳು. ನಾನು ಹೇಳಿಕೊಟ್ಟದ್ದಲ್ಲ.

ಬಾ ಅಂತ ನಾನು ಬರೆಯುವುದಿಲ್ಲ.

ನಾಗಲಕ್ಷ್ಮಮ್ಮ